ಬೀಗ ಕಳ್ಳನಿಗೆ, ಬಾಗಿಲು ಜನಕ್ಕೆ: ಪ್ಯಾನಿಕ್ ಬಾರ್‌ನ 140 ವರ್ಷದ ಕಥೆ

ಈ ಸಂಚಿಕೆ ಒಂದು ಬಾಗಿಲಿನ ಬಗ್ಗೆ. ವರ್ಷದ 365 ದಿನವೂ ಯಾರೂ ಬಳಸದ, ಆದರೆ ಬಳಸಲೇಬೇಕಾದ ದಿನ ಎರಡು ನಿಮಿಷವೂ ತಡ ಮಾಡಬಾರದ ಬಾಗಿಲು. ಎಮರ್ಜೆನ್ಸಿ ಎಕ್ಸಿಟ್.

ತುಮಕೂರಿಂದ ಸಿರಾ ಕಡೆಗೆ ಹೈವೇಯಲ್ಲಿ ಹೋದರೆ ವಸಂತನರಸಾಪುರ ಕೈಗಾರಿಕಾ ಪ್ರದೇಶ ಸಿಗುತ್ತೆ. ನರಸಾಪುರ ಅಂದ ತಕ್ಷಣ ಕೋಲಾರದ ಕಡೆ ಯೋಚನೆ ಮಾಡಬೇಡಿ, ಅದು ಬೇರೆ. ನಮ್ಮದು ಫುಡ್ ಪಾರ್ಕ್ ಇರೋ ವಸಂತನರಸಾಪುರ. 2014ರ ಸೆಪ್ಟೆಂಬರ್ 24ರಂದು ಪ್ರಧಾನಿ ಮೋದಿ ಬಂದು ಉದ್ಘಾಟನೆ ಮಾಡಿದ ಫುಡ್ ಪಾರ್ಕ್ ಅದೇ. ಮಷಿನ್ ಟೂಲ್ ಪಾರ್ಕ್ ಇರೋದೂ ಅಲ್ಲೇ. 2023ರ ಫೆಬ್ರವರಿ 6ಕ್ಕೆ ಗುಬ್ಬಿ ತಾಲ್ಲೂಕಿನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಯ್ತಲ್ಲ, ಅದೇ ದಿನ ತುಮಕೂರು ಇಂಡಸ್ಟ್ರಿಯಲ್ ಟೌನ್‌ಶಿಪ್‌ಗೂ ಶಂಕುಸ್ಥಾಪನೆ ಆಯ್ತು. ಮೂರು ಹಂತ, ಒಟ್ಟು 8,484 ಎಕರೆ. ಅಂದ್ರೆ ಮುಂದಿನ ವರ್ಷಗಳಲ್ಲಿ ಈ ಭಾಗದಲ್ಲಿ ಸಾವಿರಾರು ಹೊಸ ಬಾಗಿಲು ಏಳ್ತವೆ. ಶೆಡ್‌ಗೆ, ಗೋಡೌನ್‌ಗೆ, ಕೋಲ್ಡ್ ಸ್ಟೋರೇಜ್‌ಗೆ, ಕ್ಯಾಂಟೀನ್‌ಗೆ.

ಆ ಒಂದೊಂದು ಬಾಗಿಲಿಗೂ ಯಾವ ಚಿಲಕ ಹಾಕಬೇಕು ಅಂತ ಯಾರೋ ಒಬ್ಬರು ಕೊಟೇಶನ್ ನೋಡಿ ತೀರ್ಮಾನ ಮಾಡ್ತಾರೆ. ತುಂಬ ಸಲ ಅವರು ಎಂಜಿನಿಯರ್ ಆಗಿರಲ್ಲ. ಪರ್ಚೇಸ್ ಸೆಕ್ಷನ್ನಲ್ಲಿ ಕೂತಿರೋ, ನನ್ನ ಹಾಗೇ ಬಿ.ಕಾಂ ಓದಿದವರು ಇರ್ತಾರೆ. ಅವರ ಮುಂದೆ ಎರಡು ರೇಟ್ ಇರುತ್ತೆ. ಒಂದು ಕಡೆ ಕೆಲವು ನೂರು ರೂಪಾಯಿಯ ಅಗಳಿ ಮತ್ತು ಬೀಗ, ಇನ್ನೊಂದು ಕಡೆ ಸಾವಿರಗಳ ಲೆಕ್ಕದ ಪ್ಯಾನಿಕ್ ಬಾರ್. ಈ ಎರಡು ರೇಟಿನ ನಡುವೆ ಏನಿದೆ ಅನ್ನೋದೇ ಇವತ್ತಿನ ಕಥೆ. ಅದು ಶುರುವಾಗೋದು ಇಂಗ್ಲೆಂಡಿನಲ್ಲಿ, ಮಕ್ಕಳ ಒಂದು ಮ್ಯಾಜಿಕ್ ಶೋ ಇಂದ.

ಒಬ್ಬೊಬ್ಬರೇ ಬರಲಿ ಅಂತ ಹಾಕಿದ ಅಗಳಿ

1883ರ ಜೂನ್ 16, ಶನಿವಾರ. ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಊರಿನ ವಿಕ್ಟೋರಿಯಾ ಹಾಲ್. ಮಕ್ಕಳಿಗೋಸ್ಕರ ಜಾದೂ ಪ್ರದರ್ಶನ. ಮೇಲಿನ ಗ್ಯಾಲರಿಯಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳಿದ್ದರು. ಶೋ ಮುಗಿಯೋ ಹೊತ್ತಿಗೆ ಬಹುಮಾನ ಹಂಚ್ತೀವಿ ಅಂತ ಘೋಷಣೆ ಆಯ್ತು. ವೇದಿಕೆಯಿಂದ ಕೆಳಗಡೆ ಕೂತ ಮಕ್ಕಳಿಗೆ ಆಟಿಕೆ ಕೊಡೋಕೆ ಶುರು ಮಾಡಿದರು. ಮೇಲಿದ್ದ ಮಕ್ಕಳಿಗೆ ಎಲ್ಲಿ ತಮಗೆ ಸಿಗಲ್ಲವೋ ಅನ್ನೋ ಆತುರ, ಮೆಟ್ಟಿಲಿಳಿದು ಓಡಿದರು.

ಮೆಟ್ಟಿಲ ಕೆಳಗಿನ ಬಾಗಿಲು ಒಳಮುಖವಾಗಿ ತೆರೆಯೋದು. ಟಿಕೆಟ್ ನೋಡೋಕೆ ಅನುಕೂಲ ಆಗಲಿ ಅಂತ, ಒಂದು ಮಗು ಮಾತ್ರ ತೂರುವಷ್ಟು ಸಂದಿ ಬಿಟ್ಟು ಅಗಳಿ ಹಾಕಿದ್ದರು. ಮುಂದಿದ್ದ ಮಕ್ಕಳು ಆ ಸಂದಿಯಲ್ಲಿ ಸಿಕ್ಕಿಬಿದ್ದರು. ಹಿಂದಿನವರಿಗೆ ಮುಂದೆ ಏನಾಗ್ತಿದೆ ಅಂತ ಗೊತ್ತಿಲ್ಲ, ತಳ್ತಾನೇ ಇದ್ದರು. 183 ಮಕ್ಕಳು ಸತ್ತರು. 3 ವರ್ಷದಿಂದ 14 ವರ್ಷದೊಳಗಿನವರು.

ಗಮನಿಸಿ, ಅಲ್ಲಿ ಬೆಂಕಿ ಬಿದ್ದಿರಲಿಲ್ಲ. ಹೊಗೆಯೂ ಇರಲಿಲ್ಲ. ಕೊಂದಿದ್ದು ಒಂದು ಬಾಗಿಲು ಮತ್ತು ಒಂದು ಅಗಳಿ. ಅಗಳಿ ಹಾಕಿದವರ ತಲೆಯಲ್ಲಿ ಇದ್ದಿದ್ದು ಟಿಕೆಟ್ ಲೆಕ್ಕ. ಈ ಲೆಕ್ಕದ ವಿಷಯ ಮುಂದೆ ಮತ್ತೆ ಮತ್ತೆ ಬರುತ್ತೆ, ನೆನಪಿಟ್ಟುಕೊಳ್ಳಿ.

ಇದಾದ ಮೇಲೆ ಸಭಾಂಗಣಗಳಲ್ಲಿ ಹೊರಮುಖವಾಗಿ ತೆರೆಯೋ ಬಾಗಿಲು ಇರಬೇಕು ಅನ್ನೋ ಒತ್ತಾಯ ಬಂತು. 1892ರಲ್ಲಿ ರಾಬರ್ಟ್ ಅಲೆಕ್ಸಾಂಡರ್ ಬ್ರಿಗ್ಸ್ ಅನ್ನೋರು ಪ್ಯಾನಿಕ್ ಬೋಲ್ಟ್‌ಗೆ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದರು. ಯೋಚನೆ ತುಂಬ ಸರಳ. ಬಾಗಿಲಿನ ಒಳಬದಿಯಲ್ಲಿ, ಸೊಂಟದೆತ್ತರಕ್ಕೆ ಅಡ್ಡವಾಗಿ ಒಂದು ಸರಳು. ಅದರ ಮೇಲೆ ಮೈಭಾರ ಬಿದ್ದರೆ ಸಾಕು, ಚಿಲಕ ತಾನೇ ಬಿಡುತ್ತೆ.

ನಮ್ಮ ಹಳೇ ಮನೆಗಳ ತಲೆಬಾಗಿಲಿಗೆ ಅಡ್ಡ ಹಾಕ್ತಿದ್ದ ಮರದ ಅಗಳಿ ನೋಡಿದ್ದೀರಲ್ಲ? ನೋಡೋಕೆ ಎರಡೂ ಒಂದೇ ಥರ. ಆದರೆ ಆ ಅಗಳಿ ಹೊರಗಿನ ಕಳ್ಳನನ್ನ ತಡೆಯೋಕೆ, ಈ ಸರಳು ಒಳಗಿನ ಜನರನ್ನ ಬಿಡೋಕೆ. ಅಲ್ಲೀವರೆಗೆ ಜಗತ್ತಿನ ಚಿಲಕಗಳೆಲ್ಲ ಬುದ್ಧಿ ಕೇಳ್ತಿದ್ದವು: ಕೀಲಿ ಎಲ್ಲಿ, ಎಡಕ್ಕೆ ತಿರುಗಿಸಬೇಕೋ ಬಲಕ್ಕೋ, ಎತ್ತಬೇಕೋ ಎಳೀಬೇಕೋ. ಇದು ಮಾತ್ರ ಏನೂ ಕೇಳಲ್ಲ. ಹೆದರಿದ ಮನುಷ್ಯ ಮಾಡೋದು ಒಂದೇ ಕೆಲಸ, ಮುಂದಕ್ಕೆ ತಳ್ಳೋದು. ಆ ಕೆಲಸವನ್ನೇ ಇದು ಕೀಲಿ ಮಾಡಿಕೊಳ್ತು.

ಕಂಡಿರದ ಚಿಲಕ

1903ರ ಡಿಸೆಂಬರ್ 30. ಅಮೆರಿಕದ ಶಿಕಾಗೋ. ಇರೊಕ್ವಾಯ್ ಥಿಯೇಟರ್ ಓಪನ್ ಆಗಿ ಐದು ವಾರ ಆಗಿತ್ತಷ್ಟೇ. ಜಾಹೀರಾತಿನಲ್ಲಿ ಪೂರ್ತಿ ಬೆಂಕಿ ನಿರೋಧಕ ಅಂತ ಹೇಳಿಕೊಂಡಿದ್ದ ಕಟ್ಟಡ. ಕ್ರಿಸ್‌ಮಸ್ ರಜೆಯ ಮಧ್ಯಾಹ್ನದ ಆಟ, ಹೆಚ್ಚಿನವರು ತಾಯಂದಿರು ಮತ್ತು ಮಕ್ಕಳು. ಆರ್ಕ್ ಲೈಟಿನ ಕಿಡಿ ವೇದಿಕೆಯ ಪರದೆಗೆ ಹತ್ತಿಕೊಳ್ತು.

ಜನ ಬಾಗಿಲುಗಳ ಕಡೆ ಓಡಿದರು. ಕೆಲವು ಬಾಗಿಲು ಅಲಂಕಾರದ ಪರದೆ ಹಿಂದೆ ಮುಚ್ಚಿಹೋಗಿದ್ದವು. ಅಗ್ಗದ ಟಿಕೆಟ್‌ನವರು ದುಬಾರಿ ಸೀಟಿಗೆ ಇಳಿದು ಬರದ ಹಾಗೆ ಮೆಟ್ಟಿಲಿಗೆ ಕಬ್ಬಿಣದ ಗೇಟು ಹಾಕಿ ಬೀಗ ಜಡಿದಿದ್ದರು. ಸಿಕ್ಕ ಕೆಲವು ಬಾಗಿಲಿಗೂ ಯುರೋಪ್ ಮಾದರಿಯ, ಅಲ್ಲಿನ ಜನ ಯಾವತ್ತೂ ಬಳಸಿರದ ಚಿಲಕ. ಹೇಗೆ ತೆಗೆಯೋದು ಅಂತ ಗೊತ್ತಾಗಲಿಲ್ಲ. ಸತ್ತವರು 602 ಮಂದಿ.

ಅವತ್ತು ಕಾರ್ಲ್ ಪ್ರಿನ್ಸ್‌ಲರ್ ಅನ್ನೋ ಹಾರ್ಡ್‌ವೇರ್ ಸೇಲ್ಸ್‌ಮನ್ ಕೂಡ ಆ ಆಟಕ್ಕೆ ಹೋಗಬೇಕಿತ್ತು. ವ್ಯಾಪಾರದ ಕೆಲಸ ಬಿದ್ದಿದ್ದರಿಂದ ಹೋಗಲಿಲ್ಲ, ಬದುಕಿಕೊಂಡರು. ಬೀಗ-ಚಿಲಕ ಮಾರೋದೇ ಕಸುಬಾಗಿದ್ದ ಅವರಿಗೆ, ಅಷ್ಟು ಜನ ಚಿಲಕದ ಮುಂದೆ ಸತ್ತಿದ್ದು ಮನಸ್ಸಿಂದ ಹೋಗಲಿಲ್ಲ. ಇಂಡಿಯಾನಾಪೊಲಿಸ್‌ನ ಹೆನ್ರಿ ಡುಪಾಂಟ್ ಅನ್ನೋ ವಾಸ್ತುಶಿಲ್ಪಿ ಜೊತೆ ಸೇರಿ ಒಂದು ಉಪಕರಣ ಮಾಡಿದರು. ಅದನ್ನ ವಾನೆಗಟ್ ಹಾರ್ಡ್‌ವೇರ್ ಕಂಪನಿ 1908ರಲ್ಲಿ ಮಾರುಕಟ್ಟೆಗೆ ತಂತು. ವಾನೆಗಟ್, ಡುಪಾಂಟ್, ಪ್ರಿನ್ಸ್‌ಲರ್: ಮೂರೂ ಹೆಸರು ಸೇರಿ ವಾನ್ ಡುಪ್ರಿನ್. ಇವತ್ತಿಗೂ ಆ ಬ್ರ್ಯಾಂಡ್ ಇದೆ. ಕಾದಂಬರಿಕಾರ ಕರ್ಟ್ ವಾನೆಗಟ್ ಅದೇ ಮನೆತನದವರು.

ಆ 'ಕಂಡಿರದ ಚಿಲಕ'ದ ಪಾಠ ವಸಂತನರಸಾಪುರಕ್ಕೂ ಸಲ್ಲುತ್ತೆ. ಯಾವುದೇ ಕೈಗಾರಿಕಾ ಪ್ರದೇಶದಲ್ಲಿ ಗುಬ್ಬಿ, ಕುಣಿಗಲ್, ಕೊರಟಗೆರೆಯಿಂದ ಬಂದವರ ಪಕ್ಕದಲ್ಲೇ ಒಡಿಶಾ, ಬಿಹಾರದಿಂದ ಬಂದವರು ಕೆಲಸ ಮಾಡ್ತಿರ್ತಾರೆ. ನಿನ್ನೆ ಸೇರಿದ ಗುತ್ತಿಗೆ ಕಾರ್ಮಿಕನಿಗೆ ಬೋರ್ಡಿನ ಭಾಷೆ ಗೊತ್ತಿಲ್ಲದೆ ಇರಬಹುದು. ತಳ್ಳೋದಕ್ಕೆ ಭಾಷೆ ಬೇಕಿಲ್ಲ.

ಕಳ್ಳತನದ ಲೆಕ್ಕ

ಇಲ್ಲೀವರೆಗೂ ಥಿಯೇಟರ್ ಕಥೆ. ಈಗ ಕಾರ್ಖಾನೆಗೆ ಬರೋಣ.

1911ರ ಮಾರ್ಚ್ 25, ನ್ಯೂಯಾರ್ಕ್. ಟ್ರಯಾಂಗಲ್ ಶರ್ಟ್‌ವೇಸ್ಟ್ ಕಂಪನಿ. ಹೆಂಗಸರ ಬ್ಲೌಸ್ ಹೊಲಿಯೋ ಗಾರ್ಮೆಂಟ್ ಫ್ಯಾಕ್ಟರಿ, ಕಟ್ಟಡದ 8, 9, 10ನೇ ಮಹಡಿಯಲ್ಲಿತ್ತು. ಶನಿವಾರ ಸಂಜೆ ಕೆಲಸ ಬಿಡೋ ಹೊತ್ತಿಗೆ ಬೆಂಕಿ. 9ನೇ ಮಹಡಿಯ ಒಂದು ಮೆಟ್ಟಿಲಿನ ಬಾಗಿಲಿಗೆ ಬೀಗ ಹಾಕಿತ್ತು. ಕಾರಣ? ಕೆಲಸಗಾರ್ತಿಯರೆಲ್ಲ ಒಂದೇ ಬಾಗಿಲಿಂದ ಹೋಗಬೇಕು, ಅಲ್ಲಿ ಅವರ ಬ್ಯಾಗ್ ಚೆಕ್ ಮಾಡಬೇಕು. 146 ಜನ ಸತ್ತರು. ಹೆಚ್ಚಿನವರು ವಲಸೆ ಬಂದ ಹುಡುಗಿಯರು.

ಕೋರ್ಟಿನಲ್ಲಿ ಮಾಲೀಕರಲ್ಲೊಬ್ಬರಿಗೆ, ಒಟ್ಟು ಎಷ್ಟು ಮಾಲು ಕಳವಾಗ್ತಿತ್ತು ಅಂತ ಪ್ರಶ್ನೆ ಬಂತು. ಹೆಚ್ಚೆಂದರೆ 25 ಡಾಲರ್ ಅನ್ನೋ ಉತ್ತರ ಸಿಕ್ತು. 25 ಡಾಲರ್ ಒಂದು ತಕ್ಕಡಿಯಲ್ಲಿ, 146 ಜೀವ ಇನ್ನೊಂದರಲ್ಲಿ.

ಅಕೌಂಟ್ಸ್ ಓದಿದವರು ಮುಂದಿನ ಲೆಕ್ಕ ಕೇಳಿ. ಬೀಗ ಹಾಕಿರೋದು ಮಾಲೀಕರಿಗೆ ಗೊತ್ತಿತ್ತು ಅಂತ ಸಾಬೀತಾಗದೆ ಅವರು ಖುಲಾಸೆ ಆದರು. ವಿಮೆಯಿಂದ ಅವರಿಗೆ ಬಂದ ಹಣ ಆಗಿದ್ದ ನಷ್ಟಕ್ಕಿಂತ ಜಾಸ್ತಿ. ಆ ಹೆಚ್ಚುವರಿಯನ್ನ ಹಂಚಿದರೆ ಸತ್ತ ಒಬ್ಬೊಬ್ಬರ ತಲೆಗೆ ಸುಮಾರು 400 ಡಾಲರ್ ಲಾಭ. 1914ರಲ್ಲಿ ಸಿವಿಲ್ ಮೊಕದ್ದಮೆ ರಾಜಿಯಾದಾಗ ಸಂತ್ರಸ್ತರ ಕುಟುಂಬಕ್ಕೆ ಕೊಟ್ಟಿದ್ದು ತಲಾ 75 ಡಾಲರ್. ಇದರ ನಡುವೆ 1913ರಲ್ಲಿ ಅದೇ ಮಾಲೀಕರಲ್ಲೊಬ್ಬರು ಇನ್ನೊಂದು ಫ್ಯಾಕ್ಟರಿಯಲ್ಲಿ ಮತ್ತೆ ಬಾಗಿಲಿಗೆ ಬೀಗ ಹಾಕಿ ಸಿಕ್ಕಿಬಿದ್ದರು. ದಂಡ 20 ಡಾಲರ್.

ಆದರೂ ಆ ಸಾವು ಪೂರ್ತಿ ವ್ಯರ್ಥ ಆಗಲಿಲ್ಲ. ನ್ಯೂಯಾರ್ಕ್ ರಾಜ್ಯ ತನಿಖಾ ಆಯೋಗ ಮಾಡ್ತು, ಕಾರ್ಖಾನೆ ಕಾನೂನುಗಳನ್ನ ಬದಲಿಸ್ತು. ಅವತ್ತು ರಸ್ತೆಯಲ್ಲಿ ನಿಂತು ಆ ಬೆಂಕಿಯನ್ನ ಕಣ್ಣಾರೆ ಕಂಡ ಫ್ರಾನ್ಸಿಸ್ ಪರ್ಕಿನ್ಸ್ ಮುಂದೆ 1933ರಲ್ಲಿ ಅಮೆರಿಕದ ಕಾರ್ಮಿಕ ಸಚಿವೆ ಆದರು.

ಅಷ್ಟೆಲ್ಲ ಆದ ದೇಶದಲ್ಲೇ 80 ವರ್ಷದ ಮೇಲೆ ಇನ್ನೊಂದು. 1991ರ ಸೆಪ್ಟೆಂಬರ್ 3, ನಾರ್ತ್ ಕ್ಯಾರೊಲಿನಾದ ಹ್ಯಾಮ್ಲೆಟ್ ಊರು. ಕೋಳಿ ಮಾಂಸ ಕರಿದು ಪ್ಯಾಕ್ ಮಾಡೋ ಕಾರ್ಖಾನೆ. ಕರಿಯೋ ಕೊಪ್ಪರಿಗೆ ಹತ್ತಿರ ಹೈಡ್ರಾಲಿಕ್ ಪೈಪ್ ಬಿಟ್ಟುಕೊಂಡು ಎಣ್ಣೆ ಚಿಮ್ಮಿ ಬೆಂಕಿ ಹತ್ತಿತು. ಬಾಗಿಲುಗಳಿಗೆ ಬೀಗ. ಕೋಳಿ ಕದೀತಾರೆ ಅನ್ನೋ ಅನುಮಾನ ಒಂದು ಕಾರಣ, ನೊಣ ಒಳಗೆ ಬರುತ್ತೆ ಅನ್ನೋದು ಇನ್ನೊಂದು. 25 ಜನ ಸತ್ತರು. ಬಾಗಿಲಿನ ಮೇಲೆ ಒದ್ದ ಗುರುತುಗಳಿದ್ದವು. ಆ ಕಾರ್ಖಾನೆಯಲ್ಲಿ 11 ವರ್ಷ ಒಂದು ಸೇಫ್ಟಿ ತಪಾಸಣೆಯೂ ನಡೆದಿರಲಿಲ್ಲ.

2021ರ ಜುಲೈ 8ಕ್ಕೆ ಬಾಂಗ್ಲಾದೇಶದ ರೂಪಗಂಜ್. ಮತ್ತೆ ಆಹಾರ ಕಾರ್ಖಾನೆ, ಮತ್ತೆ ಮಹಡಿಯ ಬಾಗಿಲಿಗೆ ಬೀಗ, ಸತ್ತವರು 50ಕ್ಕೂ ಹೆಚ್ಚು. ಅವರಲ್ಲಿ ಮಕ್ಕಳೂ ಇದ್ದರು.

ಫುಡ್ ಪಾರ್ಕ್ ಇರೋ ಊರಿಂದ ಈ ಎರಡು ಕಥೆಗಳನ್ನ ಕೇಳಿದರೆ ಬೇರೆ ಥರ ಕೇಳಿಸುತ್ತೆ. ಆಹಾರ ಕಾರ್ಖಾನೆಯಲ್ಲಿ ನೊಣ, ಇಲಿ ಬರಬಾರದು ಅನ್ನೋದು ಸುಳ್ಳು ನೆಪ ಅಲ್ಲ, ಆಡಿಟ್‌ನಲ್ಲಿ ನಿಜವಾಗಿಯೂ ಕೇಳ್ತಾರೆ. ಆದರೆ ನೊಣ ತಡೆಯೋಕೆ ಬಾಗಿಲು ಮುಚ್ಚಿರಬೇಕು ಅಷ್ಟೇ, ಬೀಗ ಬೇಕಾಗಿಲ್ಲ. ನೊಣಕ್ಕೆ ಪ್ಯಾನಿಕ್ ಬಾರ್ ತಳ್ಳೋಕೆ ಬರಲ್ಲ.

ನಮ್ಮ ಕಡೆ

1989ರ ಫೆಬ್ರವರಿ 8, ಮೈಸೂರಿನ ಪ್ರೀಮಿಯರ್ ಸ್ಟುಡಿಯೋ. ದೂರದರ್ಶನದ ಟಿಪ್ಪು ಸುಲ್ತಾನ್ ಧಾರಾವಾಹಿಯ ಶೂಟಿಂಗ್. ಗೋಣಿತಟ್ಟು ಹೊದಿಸಿದ್ದ ಗೋಡೆ, ಉರಿಯೋ ಲೈಟುಗಳು, ಗಾಳಿ ಸರಿಯಾಗಿ ಆಡದ ಒಳಾಂಗಣ. ಬೆಂಕಿಯಲ್ಲಿ 60ಕ್ಕೂ ಹೆಚ್ಚು ಜನ ಸತ್ತರು. ನಟ ಸಂಜಯ್ ಖಾನ್ ತೀವ್ರವಾಗಿ ಸುಟ್ಟುಕೊಂಡು ಬದುಕಿದರು.

1997ರ ಜೂನ್ 13, ದೆಹಲಿಯ ಉಪಹಾರ್ ಸಿನಿಮಾ. 'ಬಾರ್ಡರ್' ಚಿತ್ರ ನಡೀತಿತ್ತು. ಕೆಳಗಡೆ ಪಾರ್ಕಿಂಗ್ ಹತ್ತಿರದ ಟ್ರಾನ್ಸ್‌ಫಾರ್ಮರ್ ಬೆಂಕಿಯ ಹೊಗೆ ಬಾಲ್ಕನಿಗೆ ಏರಿತು. ಬಾಲ್ಕನಿಯ ಬಲಬದಿಯ ದಾರಿ ಮುಚ್ಚಿ ಸೀಟು ಹಾಕಿದ್ದರು, ಬಾಗಿಲಿಗೆ ಚಿಲಕ ಬಿದ್ದಿತ್ತು. 59 ಜನ ಸತ್ತರು. 2015ರಲ್ಲಿ ಸುಪ್ರೀಂ ಕೋರ್ಟ್ ಮಾಲೀಕರಿಬ್ಬರಿಗೆ ತಲಾ 30 ಕೋಟಿ ರೂಪಾಯಿ ಕಟ್ಟೋಕೆ ಹೇಳಿತು.

2010ರ ಫೆಬ್ರವರಿ 23, ನಮ್ಮ ಬೆಂಗಳೂರು. ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್. ಹಾಡಹಗಲು, ಆಫೀಸ್ ಟೈಮ್. ವಿದ್ಯುತ್ ಕೇಬಲ್ ಹಾದುಹೋಗೋ ಶಾಫ್ಟ್‌ನಲ್ಲಿ ಬೆಂಕಿ, ಮಹಡಿ ಮಹಡಿಗೂ ಹೊಗೆ. ತುರ್ತು ದಾರಿಯ ಬಾಗಿಲುಗಳಿಗೆ ಬೀಗ ಹಾಕಿತ್ತು ಅಂತ ಆಗಿನ ವರದಿಗಳು ಹೇಳಿದವು. ಜನ ಕಿಟಕಿ ಗಾಜು ಒಡೆದು ಹಾರಿದ್ದನ್ನ ಟಿವಿಯಲ್ಲಿ ಇಡೀ ರಾಜ್ಯ ನೋಡ್ತು. ಒಂಬತ್ತು ಜನ ಸತ್ತರು. ಮಗನನ್ನ ಕಳಕೊಂಡ ತಂದೆಯೊಬ್ಬರು, ಬೇರೆ ಕುಟುಂಬಗಳು ಸೇರಿ 'ಬಿಯಾಂಡ್ ಕಾರ್ಲ್‌ಟನ್' ಅನ್ನೋ ಸಂಸ್ಥೆ ಕಟ್ಟಿ, ಅಗ್ನಿ ಸುರಕ್ಷತೆಗೋಸ್ಕರ ಓಡಾಡ್ತಾ ಬಂದಿದ್ದಾರೆ.

ಕಾನೂನು ಇರಲಿಲ್ವಾ ಅಂದ್ರೆ, ಇತ್ತು. 1948ರ ಕಾರ್ಖಾನೆ ಕಾಯ್ದೆಯ 38ನೇ ಸೆಕ್ಷನ್ ಮೊದಲೇ ಸ್ಪಷ್ಟವಾಗಿ ಹೇಳಿತ್ತು: ಒಳಗೆ ಒಬ್ಬ ಮನುಷ್ಯ ಇದ್ದರೂ, ಹೊರಹೋಗೋ ಬಾಗಿಲನ್ನ ಒಳಗಿಂದ ಸುಲಭವಾಗಿ, ತಕ್ಷಣ ತೆಗೆಯೋಕೆ ಆಗದ ಹಾಗೆ ಬೀಗ ಹಾಕಬಾರದು, ಸರಿಯುವ ಬಾಗಿಲು ಬಿಟ್ಟು ಉಳಿದವು ಹೊರಮುಖವಾಗಿ ತೆರೆಯಬೇಕು. ಇದನ್ನ ಓದಿದರೆ ಟ್ರಯಾಂಗಲ್‌ನ 9ನೇ ಮಹಡಿ ಕಣ್ಣಿಗೆ ಬರುತ್ತೆ. ಭೋಪಾಲ್ ದುರಂತದ ಬಳಿಕ 1987ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದಾಗ ಈ ಸೆಕ್ಷನ್ ಬದಲಾಯ್ತು. ತಪ್ಪಿಸಿಕೊಳ್ಳೋ ಸುರಕ್ಷಿತ ದಾರಿ ಇರಬೇಕು, ಆ ದಾರಿ ಎಲ್ಲ ಕಾರ್ಮಿಕರಿಗೂ ಗೊತ್ತಿರಬೇಕು, ತರಬೇತಿ ಆಗಿರಬೇಕು ಅಂತಾಯ್ತು. ವಿವರವನ್ನ ರಾಜ್ಯಗಳ ನಿಯಮಗಳಿಗೆ ಬಿಟ್ಟರು. 1970ರಲ್ಲಿ ಮೊದಲು ಬಂದು 2016ರಲ್ಲಿ ಪರಿಷ್ಕೃತವಾದ ನ್ಯಾಷನಲ್ ಬಿಲ್ಡಿಂಗ್ ಕೋಡ್‌ನ 4ನೇ ಭಾಗ ಕೂಡ ಹೇಳೋದು ಅದನ್ನೇ: ಎಕ್ಸಿಟ್ ಬಾಗಿಲು ಕೀಲಿಯಿಲ್ಲದೆ ತೆರೆಯಬೇಕು.

ಹಾಗಾದರೆ ಯಾವುದನ್ನ ಆರಿಸೋದು?

ಈಗ ಕೊಟೇಶನ್ ಕೈಯಲ್ಲಿ ಹಿಡಿದವರ ಕಡೆ ಬರೋಣ. ಇತಿಹಾಸ ಕಲಿಸಿದ್ದನ್ನೆಲ್ಲ ಇವತ್ತಿನ ಮಾನದಂಡಗಳಲ್ಲಿ ಅಂಕಿ ಮಾಡಿ ಬರೆದಿಟ್ಟಿದ್ದಾರೆ.

ಯುರೋಪಿನ ಇಎನ್ 1125 ಮಾನದಂಡ ಪ್ಯಾನಿಕ್ ಬಾರ್‌ಗೆ ಸಂಬಂಧಿಸಿದ್ದು. ಕಟ್ಟಡದ ಪರಿಚಯ ಇಲ್ಲದ ಜನ, ಗುಂಪಾಗಿ, ಗಾಬರಿಯಲ್ಲಿ ಬರೋ ಜಾಗಕ್ಕೆ ಇದು. ಸಾಮಾನ್ಯವಾಗಿ ಬಾರ್ ತಳ್ಳೋಕೆ 80 ನ್ಯೂಟನ್‌ಗಿಂತ ಹೆಚ್ಚು ಬಲ ಬೇಕಾಗಬಾರದು, ಅಂದಾಜು 8 ಕೆಜಿ ತೂಕದಷ್ಟು. ಇನ್ನೊಂದು ಪರೀಕ್ಷೆ ಇನ್ನೂ ಮುಖ್ಯ. ಬಾಗಿಲ ಮೇಲೆ 1,000 ನ್ಯೂಟನ್ ಒತ್ತಡ ಹೇರಿ, ಅಂದ್ರೆ ಸುಮಾರು 100 ಕೆಜಿ ಭಾರ ಒರಗಿಸಿದ ಹಾಗೆ ಮಾಡಿ, ಆಗಲೂ 220 ನ್ಯೂಟನ್ ಒಳಗೆ ಚಿಲಕ ಬಿಡಬೇಕು. ಯಾಕೆ? ಸಂಡರ್‌ಲ್ಯಾಂಡ್ ನೆನಪಿಸಿಕೊಳ್ಳಿ. ಹಿಂದಿನವರು ತಳ್ತಾ ಇದ್ದರೆ ಸಾಮಾನ್ಯ ಚಿಲಕ ಚೌಕಟ್ಟಿಗೆ ಕಚ್ಚಿಕೊಂಡುಬಿಡುತ್ತೆ.

ಇಎನ್ 179 ಇನ್ನೊಂದು. ಕಟ್ಟಡ ಗೊತ್ತಿರೋ, ಸಂಖ್ಯೆ ಕಮ್ಮಿ ಇರೋ ಸಿಬ್ಬಂದಿಗೆ. ಹಿಡಿಕೆ ಒತ್ತಿದರೆ ತೆರೆಯೋದು. ಸಣ್ಣ ಆಫೀಸಿಗೆ ಇದು ಸಾಕು. ನೂರಾರು ಜನರ ಪ್ರೊಡಕ್ಷನ್ ಹಾಲ್‌ಗೆ, ಕ್ಯಾಂಟೀನ್‌ಗೆ, ಟ್ರೈನಿಂಗ್ ಹಾಲ್‌ಗೆ ಬಾರ್ ಬೇಕು. ಆದ್ದರಿಂದ ಮೊದಲ ಪ್ರಶ್ನೆ 'ರೇಟ್ ಎಷ್ಟು' ಅಲ್ಲ, 'ಈ ಬಾಗಿಲಿಂದ ಯಾರು, ಎಷ್ಟು ಜನ ಓಡ್ತಾರೆ' ಅನ್ನೋದು.

ಎರಡನೇದು, ಎರಡು ಪಟ್ಟಿಯ ಬಾಗಿಲು. ಇದಕ್ಕೆ ಮೇಲಕ್ಕೂ ಕೆಳಕ್ಕೂ ಉದ್ದ ರಾಡ್ ಇರೋ ಮಾದರಿ ಕೊಡ್ತಾರೆ. ಕೆಳಗಿನ ರಾಡ್ ನೆಲದ ತೂತಿಗೆ ಇಳಿಯುತ್ತೆ. ಆ ತೂತಿನಲ್ಲಿ ಮಣ್ಣು, ಹಿಟ್ಟು, ಕಬ್ಬಿಣದ ಪುಡಿ ತುಂಬಿದರೆ ಬಾಗಿಲು ಸರಿಯಾಗಿ ಕೂರಲ್ಲ. ಧೂಳಿನ ಶೆಡ್‌ಗೆ ಕೊಳ್ಳೋ ಮೊದಲು, ಅದನ್ನ ದಿನಾ ಗುಡಿಸೋರು ಯಾರು ಅಂತ ಕೇಳಿಕೊಳ್ಳಿ.

ಮೂರನೇದು, ಬೆಂಕಿ ತಡೆಯೋ ಫೈರ್ ಡೋರ್ ಆದರೆ ಬಾರ್ ಕೂಡ ಅದೇ ದರ್ಜೆಯದ್ದಾಗಿರಬೇಕು. ಕೆಲವು ಬಾರ್‌ಗಳಲ್ಲಿ ಒತ್ತಿದ ಸ್ಥಿತಿಯಲ್ಲೇ ನಿಲ್ಲಿಸಿಡೋ ಸೌಲಭ್ಯ ಇರುತ್ತೆ, ಓಡಾಡೋಕೆ ಅನುಕೂಲ ಅಂತ. ಫೈರ್ ಡೋರಿಗೆ ಅದು ಇರಲೇಬಾರದು. ಜನ ಹೋದ ಮೇಲೆ ಬಾಗಿಲು ತಾನೇ ಮುಚ್ಚಿ ಚಿಲಕ ಬೀಳಬೇಕು, ಇಲ್ಲದಿದ್ದರೆ ಹೊಗೆ ಮೆಟ್ಟಿಲಿಗೆ ಬರುತ್ತೆ.

ನಾಲ್ಕನೇದು, ಕರೆಂಟಿನ ಮ್ಯಾಗ್ನೆಟ್ ಲಾಕ್. ಕರೆಂಟ್ ಹೋದರೆ ತಾನೇ ಬಿಡುತ್ತೆ ಅಂತ ಮಾರಾಟದವರು ಹೇಳ್ತಾರೆ, ನಿಜವೇ. ಆದರೆ ಅದಕ್ಕೆ ಯುಪಿಎಸ್ ಕೊಟ್ಟಿದ್ದರೆ ಕರೆಂಟ್ ಹೋದಾಗಲೂ ಹಿಡಿದೇ ಇರುತ್ತೆ. ಫೈರ್ ಅಲಾರಂ ಕೂಗಿದ ಕ್ಷಣ ಬಿಡೋ ಹಾಗೆ ವೈರಿಂಗ್ ಆಗಿದೆಯಾ ಅಂತ ಕಣ್ಣೆದುರು ಮಾಡಿಸಿ ನೋಡಬೇಕು.

ಇನ್ನು ಕಳ್ಳತನ. ಅದು ನಿಜವಾದ ಸಮಸ್ಯೆ, ಇಲ್ಲ ಅಂತ ಹೇಳಲ್ಲ. ಮಾಲು ಹೋದರೆ ಸೂಪರ್‌ವೈಸರ್‌ಗೇ ಬೈಗುಳ. ಆದರೆ ಅದಕ್ಕೆ ಬೇರೆ ದಾರಿ ಇದೆ. ಹೊರಗಡೆ ಹಿಡಿಕೆಯೇ ಇಲ್ಲದ ಬಾಗಿಲು ಹಾಕಿ, ಹೊರಗಿನವರು ಬರೋಕೆ ಆಗಲ್ಲ. ಬಾರ್ ಒತ್ತಿದ ತಕ್ಷಣ ಜೋರಾಗಿ ಕಿರುಚೋ ಬ್ಯಾಟರಿ ಅಲಾರಂ ಸಿಗುತ್ತೆ, ಎದುರಿಗೆ ಒಂದು ಕ್ಯಾಮೆರಾ ಇರಲಿ. ಒತ್ತಿದ 15 ಸೆಕೆಂಡ್ ಆದ ಮೇಲೆ ಬಿಡೋ ಲಾಕ್ ಕೂಡ ಇದೆ. ಅಮೆರಿಕದ ನಿಯಮಗಳು ಕೆಲವು ಬಗೆಯ ಕಟ್ಟಡಗಳಿಗೆ ಮಾತ್ರ ಅದನ್ನ ಒಪ್ಪುತ್ತವೆ, ಅದೂ ಫೈರ್ ಅಲಾರಂ ಆದರೆ ಅಥವಾ ಕರೆಂಟ್ ಹೋದರೆ ತಕ್ಷಣ ಬಿಡಬೇಕು ಅನ್ನೋ ಷರತ್ತಿನ ಮೇಲೆ. ಅಂದ್ರೆ ಕಳ್ಳನನ್ನ ಹಿಡಿಯೋಕೆ ಸದ್ದು ಸಾಕು, ಸರಪಳಿ ಬೇಡ. ಗಾಜಿನ ಡಬ್ಬಿಯಲ್ಲಿ ಕೀಲಿ ಇಟ್ಟಿದ್ದೀವಲ್ಲ ಅನ್ನೋದು ಉತ್ತರ ಅಲ್ಲ. ಹೊಗೆಯಲ್ಲಿ ಡಬ್ಬಿ ಕಾಣಬೇಕು, ಗಾಜು ಒಡೆಯಬೇಕು, ನಡುಗೋ ಕೈಯಲ್ಲಿ ಕೀಲಿ ತೂರಿಸಬೇಕು. ಹಿಂದೆ ಇನ್ನೂರು ಜನ.

ಕೊನೇದಾಗಿ, ಎಷ್ಟೇ ದುಬಾರಿ ಬಾರ್ ಹಾಕಿದರೂ, ಬಾಗಿಲ ಆಚೆ ಪ್ಯಾಲೆಟ್ ಪೇರಿಸಿದ್ದರೆ ಅಥವಾ ಬೈಕ್ ನಿಲ್ಲಿಸಿದ್ದರೆ ಅದು ಗೋಡೆಯೇ. ತಿಂಗಳಿಗೊಮ್ಮೆ ಎಲ್ಲ ಎಕ್ಸಿಟ್ ಬಾಗಿಲನ್ನೂ ಒಂದು ಸಲ ತಳ್ಳಿ ಪೂರ್ತಿ ತೆಗೆದು ನೋಡೋದಕ್ಕೆ ದುಡ್ಡು ಖರ್ಚಿಲ್ಲ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತ ನಮ್ಮಲ್ಲೊಂದು ಗಾದೆ ಇದೆ. ಮಾಲು ಹೋದ ಮೇಲೆ ಬಾಗಿಲು ಮುಚ್ಚಿದವರನ್ನ ನಗೋಕೆ ಹುಟ್ಟಿದ ಮಾತು. ಬೆಂಕಿ ವಿಷಯದಲ್ಲಿ ಅದು ತಿರುವುಮುರುವು: ಜನ ಹೋದ ಮೇಲೆ ಬಾಗಿಲು ತೆಗೆಯೋದು. ಸಂಡರ್‌ಲ್ಯಾಂಡಿನಲ್ಲಿ ಟಿಕೆಟ್ ಲೆಕ್ಕ, ನ್ಯೂಯಾರ್ಕಿನಲ್ಲಿ ಬಟ್ಟೆ ಲೆಕ್ಕ, ಹ್ಯಾಮ್ಲೆಟ್‌ನಲ್ಲಿ ಕೋಳಿ ಲೆಕ್ಕ. ಎಲ್ಲ ಕಡೆಯೂ ಬಾಗಿಲು ಹಾಕಿದವರಿಗೆ ಲೆಕ್ಕ ಸರಿಯಾಗೇ ಬರ್ತಿತ್ತು, ಒಂದು ಕಾಲಂ ಬರೆಯೋದು ಮರೆತಿದ್ದರು ಅಷ್ಟೇ. ಆ ಕಾಲಂನಲ್ಲಿ ಇದ್ದಿದ್ದು ಒಳಗಿದ್ದ ಜನ.

ನಾಳೆ ಕೆಲಸಕ್ಕೆ ಹೋದಾಗ, ನೀವು ಕೂರೋ ಅಥವಾ ನಿಲ್ಲೋ ಜಾಗದಿಂದ ಹತ್ತಿರದ ಎಕ್ಸಿಟ್ ಬಾಗಿಲು ಯಾವುದು ಅಂತ ನೋಡಿ. ಅದಕ್ಕೆ ಬೀಗ ಇದ್ದರೆ, ಒಬ್ಬರೇ ಹೇಳೋಕೆ ಹಿಂಜರಿಕೆ ಆದರೆ ನಾಲ್ಕು ಜನ ಸೇರಿ ಸೇಫ್ಟಿ ಆಫೀಸರ್‌ಗೆ ಹೇಳಿ. ಪರ್ಚೇಸ್‌ನಲ್ಲಿ ಇರೋ ಸ್ನೇಹಿತರಿಗೆ ಈ ಸಂಚಿಕೆ ಕಳಿಸಿ. ಮತ್ತೆ ಸಿಗೋಣ, ಹುಷಾರಾಗಿರಿ.